ಬಾಲ ನೋಡಿ

ಫಹಾಹೀಲಿನಲ್ಲಿ ಶುಕ್ರವಾರ, ಹತ್ತು ಗಂಟೆ.
ಬಕಾಲದ ಮೇಲಿನ ಫ್ಲ್ಯಾಟು, ಮೂರನೇ ಮಹಡಿ.
ಸೋಫಾವನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದೆ.
ಹನ್ನೊಂದು ಮಕ್ಕಳು, ಒಂದು ಬಿಳಿಹಲಗೆ,
ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಖಾಲಿ ಐಸ್‌ಕ್ರೀಮ್ ಡಬ್ಬ.
ಟೀಚರು ರಾತ್ರಿಪಾಳಿ ಮುಗಿಸಿ ನೇರ ಬಂದವರು,
ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿ.

ಇವತ್ತಿನ ಪಾಠ: ಕಥೆ ಹೇಳುತ್ತಿರುವುದು ಯಾರು?

ನಾನು ಎಂದರೆ ಕಥೆಯೊಳಗೇ ಕೂತು ಹೇಳುವುದು.
ಅವನು, ಅವಳು ಎಂದರೆ
ಎದುರು ಕಟ್ಟಡದ ಕಿಟಕಿಯಿಂದ ನೋಡಿ ಹೇಳುವುದು.
ಇಷ್ಟೇನಾ, ಎಂದು ಇಂಪನಾ ಪುಸ್ತಕ ಮುಚ್ಚಿದಳು.

ಇಷ್ಟೇ ಅಲ್ಲ.
ಇಂಗ್ಲಿಷಿನ ಸರ್ವನಾಮ ವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆ
ಕಟ್ಟಡ ಕಾಯುವ ಹಾರಿಸನ ಹಾಗೆ,
ಅವನನ್ನು ದಾಟದೆ ಯಾರೂ ಒಳಗೆ ಹೋಗುವಂತಿಲ್ಲ.
ಕನ್ನಡದಲ್ಲಿ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.
‘ಬೆಳಿಗ್ಗೆ ಎದ್ದೆ. ಕುಬ್ಬೂಸ್ ತಂದೆ. ತಿಂದೆ.’
ಎಲ್ಲಿದೆ ಇದರಲ್ಲಿ ನಾನು?
‘ಕುಬ್ಬೂಸ್ ಯಾರ ತಂದೆ ಟೀಚರ್?’ ಎಂದ ಫಝೀಲ್.
ಐದು ನಿಮಿಷ ಪಾಠ ನಿಂತಿತು.

ಟೀಚರು ಎಲ್ಲರನ್ನೂ ಕಿಟಕಿಗೆ ಕರೆದರು.
ಕೆಳಗೆ ಧೂಳು ಹೊದ್ದ ಕಾರು, ಕಾರಿನಡಿ ಬೆಕ್ಕು.
ಬೆಕ್ಕು ಕಾಣುವುದಿಲ್ಲ, ಬಾಲ ಕಾಣುತ್ತದೆ.
ಕ್ರಿಯಾಪದವೂ ಹಾಗೇ, ಮುಖ ಅಡಗಿಸಿದರೆ ಬಾಲ ನೋಡಿ.
ಎದ್ದೆ ಅಂದರೆ ನಾನು. ಎದ್ದಳು ಅಂದರೆ ಅವಳು.
ಎದ್ದರು ಅಂದರೆ
ದೊಡ್ಡವರು ಒಬ್ಬರೋ, ಬಹಳ ಜನರೋ,
ಮುಂದಿನ ಸಾಲನ್ನು ಕೇಳಬೇಕು.

‘ಮತ್ತೆ ನಾವು? ಅದರಲ್ಲಿ ನೀವೂ ಸೇರಿದ್ದೀರಾ?’
ಇದು ಮನ್ವಿತ್. ‘ನಮ್ಮ ತುಳುವಿನಲ್ಲಿ ಎರಡಿದೆ.
ನಮ ಅಂದರೆ ನಿಮ್ಮನ್ನೂ ಸೇರಿಸಿ.
ಎಂಕುಲು ಅಂದರೆ ನೀವಿಲ್ಲ, ನಾವು ಮಾತ್ರ.’
ಟೀಚರು ಹೊಸಪೇಟೆ ಕಡೆಯವರು, ಅವರಿಗೆ ಒಂದೇ ನಾವು.
ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದು
ಈವರೆಗೆ ಲೆಕ್ಕ ಹಾಕಿರಲಿಲ್ಲ.

ಅರ್ಧ ಗಂಟೆ. ನಿಮ್ಮ ಮನೆಯಲ್ಲಿ ನಡೆದದ್ದನ್ನು
ಬೇರೆ ಯಾರದೋ ಮನೆಯದೆಂಬಂತೆ ಬರೆಯಿರಿ.
ಹೆಸರು ಬೇಡ. ನಾನು ಎಂಬುದು ಎಲ್ಲೂ ಬರಬಾರದು.

ಮುಬೀನಾಳ ‘ಅವಳು’ ಅಣ್ಣನ ಚಾರ್ಜರ್ ಬಚ್ಚಿಟ್ಟಿದ್ದಳು.
ಫಝೀಲನ ‘ಅವನು’ ಶಾರ್ಕ್ ಹಿಡಿದಿದ್ದ,
ಮನೆಯಲ್ಲೇ, ಬಕೆಟ್ಟಿನಲ್ಲಿ.
ಆಮೇಲೆ ಒಂದು ಹಾಳೆ, ಪೆನ್ಸಿಲ್ ಒತ್ತಿ ಬರೆದದ್ದು.
ಟೀಚರು ಗಟ್ಟಿಯಾಗಿ ಓದಿದರು:

‘ಅವನ ಅಪ್ಪ ಟಿವಿಯನ್ನು ಐದನೇ ಮಹಡಿಯ
ಈಜಿಪ್ಟಿನವರಿಗೆ ಮಾರಿದರು.
ಮಂಚವನ್ನೂ ಮಾರಿದರು.
ಅವನು ಲಿಫ್ಟಿನ ಗುಂಡಿ ಒತ್ತಿ ಹಿಡಿದ.
ಟಿವಿ ಮೇಲೆ ಹೋಯಿತು.
ಅವನು ಮೆಟ್ಟಿಲ ಮೇಲೆ ಕೂತೆ.’

‘ತಪ್ಪು!’ ಇಂಪನಾಳ ಕೈ ಮೇಲೆ.
‘ಅವನು ಕೂತ. ಕೂತೆ ಅಲ್ಲ. ಬಾಲ ತಪ್ಪಿದೆ ಟೀಚರ್.’
ವ್ಯಾಕರಣದ ಪ್ರಕಾರ ಅವಳು ಪೂರ್ತಿ ಸರಿ.
ಯಾರೋ ನಕ್ಕರು. ಒಬ್ಬರೋ, ಬಹಳ ಜನರೋ.
ಮನ್ವಿತ್ ಐಸ್‌ಕ್ರೀಮ್ ಡಬ್ಬವನ್ನೇ ನೋಡುತ್ತಿದ್ದ,
ತುಂಬಿತೇ ಎಂದು.

ಟೀಚರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.
ಆ ಅಕ್ಷರದ ತನಕ ಮೊನೆ ತಂದರು.
ಮತ್ತೆ ಮುಚ್ಚಳ ಹಾಕಿದೆ.
ಹಾಳೆಯನ್ನು ನಾಲ್ಕಾಗಿ ಮಡಿಸಿ
ಗುರುತಿನ ಚೀಟಿಯ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಸಿದೆ,
ನನ್ನ ಫೋಟೋದ ಬೆನ್ನಿಗೆ.

ಜುಮಾದ ಬಾಂಗು ಕೇಳಿತು. ಮಕ್ಕಳು ಚಪ್ಪಲಿ ಹುಡುಕಿದರು.
ಮನ್ವಿತ್ ಡಬ್ಬದ ನೀರನ್ನು
ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಸುರಿದು,
ಡಬ್ಬವನ್ನು ಅದೇ ಜಾಗದಲ್ಲಿಟ್ಟು ಬಂದ.
‘ಮುಂದಿನ ವಾರ ನಾವು ಇರೋದಿಲ್ಲ ಟೀಚರ್.’
ಯಾವ ನಾವು ಎಂದು ಕೇಳಲಿಲ್ಲ.

ಇಲ್ಲ ಎಂಬುದಕ್ಕೆ ಬಾಲವಿಲ್ಲ.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ,
ಅವರು ತಡೆಯಲಿಲ್ಲ,
ಎಲ್ಲರಿಗೂ ಒಂದೇ ರೂಪ.
ಇದನ್ನು ಮುಂದಿನ ಶುಕ್ರವಾರ ಹೇಳಿಕೊಡಬೇಕು,
ಹತ್ತು ಮಕ್ಕಳಿಗೆ.